ಐದೂವರೆಯ ಮಾತ್ರೆ, ಹತ್ತೂವರೆಯ ಊಟ

ನಮ್ಮೂರಿನಲ್ಲಿ ಯಾರಿಗಾದರೂ ಕೈ ನಡುಗಿ ಮೈ ಬೆವೆತರೆ ಮೊದಲು ಬರುವ ಮಾತು, "ಗಾಳಿ ಸೋಕೈತೆ." ಎರಡನೆಯದು, "ದೃಷ್ಟಿ ತೆಗೀರಿ." ಬೀರಮ್ಮತ್ತೆಯ ವಿಷಯದಲ್ಲಿ ಮೂರನೆಯದೂ ಒಂದು ಬಂತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. "ಸಂಜೆಯಾದ್ರೆ ಬೀರಮ್ಮ ಕುಡೀತಾಳಂತೆ ಕಣೇ" ಅಂತ ನಲ್ಲಿ ಹತ್ತಿರ ಗುಸುಗುಸು ಶುರುವಾಯಿತು. ಎಲೆ ಅಡಿಕೆ ಬಿಟ್ಟರೆ ಬೇರೆ ಚಟವೇ ಇಲ್ಲದ ಹೆಂಗಸು! ಆಡುವ ಬಾಯಿಗೆ ಬೀಗ ಹಾಕುವವರು ಯಾರು?

ನಾನು ಮಾನಸಾ. ದಂಡಿಗನಹಳ್ಳಿ ಹೋಬಳಿಯ ಒಂದು ಸಣ್ಣ ಊರಿನ ಆಶಾ ಕಾರ್ಯಕರ್ತೆ. ಊರಿಗೆ ಸೊಸೆಯಾಗಿ ಬಂದವಳು, ಹಾಗಾಗಿ ಇಲ್ಲಿನ ಹಿರಿಯರೆಲ್ಲ ನನಗೆ ಅತ್ತೆ, ಮಾವಂದಿರೇ. ಬಾಯಿ ಸ್ವಲ್ಪ ಜೋರು ಅಂತ ಹೆಸರಿದೆ. ಇರಲಿ. ಈ ಕಥೆಯಲ್ಲಿ ನನ್ನ ಬಾಯಿಗಿಂತ ನನ್ನ ತಪ್ಪು ದೊಡ್ಡದು. ಅದನ್ನೂ ಮುಚ್ಚಿಡುವುದಿಲ್ಲ.

ಬೀರಮ್ಮತ್ತೆಗೆ ಐವತ್ತೈದು ದಾಟಿದೆ. ಗಂಡ ರಂಗಣ್ಣ ಮಾವ ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಸುಲಿಯುತ್ತಾನೆ. ಲಾರಿಗೆ ಲೋಡ್ ಆಗುವುದು ರಾತ್ರಿ. ಹಾಗಾಗಿ ಕಾಯಿ ಸುಲಿದು ಮುಗಿಸಿ, ಕೊನೆಯ ಬಸ್ಸು ಹಿಡಿದು ಮನೆ ಸೇರುವಷ್ಟರಲ್ಲಿ ಹತ್ತು ಗಂಟೆ. ಕೈಕಾಲು ತೊಳೆದು ಕೂರುವಷ್ಟರಲ್ಲಿ ಹತ್ತೂವರೆ. ಅಲ್ಲಿಯವರೆಗೆ ಬೀರಮ್ಮತ್ತೆ ಒಂದು ಅಗುಳು ಮುಟ್ಟುವುದಿಲ್ಲ. ಮೂವತ್ತು ವರ್ಷ ದಾಟಿದ ಪದ್ಧತಿ ಅದು.

ಪಕ್ಕದ ಮನೆ ಚಕ್ರೇಶ್ವರಿ ಅಕ್ಕನದು. ಗಂಡ ಶಾಂತಿಕುಮಾರಣ್ಣ ಊರಲ್ಲೇ ದಿನಸಿ ಅಂಗಡಿ ಇಟ್ಟಿದ್ದಾರೆ. ಅವರು ಜೈನರು. ಹೊತ್ತು ಮುಳುಗುವ ಮುಂಚೆಯೇ ಅವರ ಮನೆಯಲ್ಲಿ ರಾತ್ರಿಯ ಊಟ ಮುಗಿದು, ಪಾತ್ರೆ ತೊಳೆದು ಬೋರಲು ಹಾಕಿಯಾಗಿರುತ್ತದೆ. ಈ ಇಬ್ಬರು ಗೆಳತಿಯರಿಗೂ ಮೂರು ವರ್ಷದ ಹಿಂದೆ ಒಂದೇ ದಿನ, ಒಂದೇ ಕ್ಯಾಂಪಿನಲ್ಲಿ ಸಕ್ಕರೆ ಕಾಯಿಲೆ ಗೊತ್ತಾಯಿತು. ಇಬ್ಬರಿಗೂ ಒಂದೇ ಮಾತ್ರೆ. "ಬೆಳಗ್ಗೆ ತಿಂಡಿಗೆ ಮುಂಚೆ ಒಂದು, ರಾತ್ರಿ ಊಟಕ್ಕೆ ಮುಂಚೆ ಒಂದು" ಅಂತ ಇಬ್ಬರಿಗೂ ಹೇಳಿದರು. ಬೀರಮ್ಮತ್ತೆಗೆ ಮರೆವು ಜಾಸ್ತಿ. ಅದಕ್ಕೆ ಚಕ್ರೇಶ್ವರಿ ಅಕ್ಕ ದಿನಾ ಸಂಜೆ ಐದೂವರೆಗೆ ತಾವು ಮಾತ್ರೆ ತೆಗೆದುಕೊಳ್ಳುವಾಗ ಗೋಡೆ ಆಚೆಯಿಂದ ಕೂಗುತ್ತಿದ್ದರು: "ಬೀರಮ್ಮಾ, ಮಾತ್ರೆ ನುಂಗಿದ್ಯಾ?" ಈಚೆಯಿಂದ ಬೀರಮ್ಮತ್ತೆ, "ನುಂಗ್ದೆ ಕಣಕ್ಕಾ!" ಅನ್ನುತ್ತಿದ್ದರು.

ನಾನು ಆ ಕೂಗು ಕೇಳಿ ಎಷ್ಟೋ ಸಲ ಹೆಮ್ಮೆಪಟ್ಟಿದ್ದೇನೆ. ಮೀಟಿಂಗಿನಲ್ಲಿ ಬೇರೆ ಹೆಂಗಸರಿಗೆ, "ನೋಡ್ರೇ, ಇವರಿಬ್ಬರನ್ನ ನೋಡಿ ಕಲೀರಿ" ಅಂತ ಉಪದೇಶ ಬೇರೆ ಮಾಡಿದ್ದೇನೆ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ.

ಹೋದ ವರ್ಷ ದೀಪಾವಳಿ ಕಳೆದು ಒಂದು ವಾರವಾಗಿತ್ತು. ಸಂಜೆ ಏಳು ಗಂಟೆ. ಡೈರಿ ಮುಂದೆ ಹಾಲು ಹಾಕುವವರ ಸಾಲು. ನಾನೂ ಕ್ಯಾನು ಹಿಡಿದು ನಿಂತಿದ್ದೆ. ನನ್ನ ಮುಂದೆ ಬೀರಮ್ಮತ್ತೆ. ಇದ್ದಕ್ಕಿದ್ದಂತೆ ಅವರ ಕೈಯಿಂದ ಕ್ಯಾನು ಜಾರಿ ಹಾಲೆಲ್ಲ ನೆಲದ ಪಾಲಾಯಿತು. ಹಾಲು ಅಳೆಯುವ ಬಸವೇಶ, "ಅಯ್ಯೋ ಬೀರಮ್ಮೋರೇ" ಅಂತ ಎದ್ದ. ಬೀರಮ್ಮತ್ತೆ ಅವನ ಅಂಗಿ ಹಿಡಿದುಕೊಂಡು, "ನನ್ನ ಎಮ್ಮೆ ಎಲ್ಲಿ ಕಟ್ಟಾಕಿದ್ದೀಯ್ಲಾ? ಕೊಡ್ಲಾ ನನ್ನೆಮ್ಮೆಯಾ!" ಅಂತ ಬೈಯತೊಡಗಿದರು.

ಅವರ ಮನೆಯಲ್ಲಿ ಎಮ್ಮೆಯೇ ಇಲ್ಲ. ಇರುವುದು ಒಂದು ಸೀಮೆ ಹಸು.

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. "ಇವತ್ತು ಜಾಸ್ತಿಯಾಗೈತೆ" ಅಂತ ಯಾರೋ ಅಂದರು. ದೇವರಾಣೆ, ಒಂದು ಗಳಿಗೆ ನಾನೂ ನಕ್ಕೆ. ಆಮೇಲೆ ಅವರ ಕೈ ಹಿಡಿದೆ. ತಣ್ಣಗೆ, ಒದ್ದೆ ಒದ್ದೆ. ಕುಪ್ಪಸವೆಲ್ಲ ಬೆವರು. ಚಳಿಗಾಲದ ಸಂಜೆಯಲ್ಲಿ ಇಂಥ ಬೆವರು ಎಲ್ಲಿಂದ ಬಂತು? ಮುಖದ ಹತ್ತಿರ ಹೋಗಿ ಮೂಸಿ ನೋಡಿದೆ. ಎಲೆ ಅಡಿಕೆ ವಾಸನೆ ಬಿಟ್ಟರೆ ಏನೂ ಇಲ್ಲ. ಇದು ಕುಡಿತವಲ್ಲ.

ಡೈರಿ ಪಕ್ಕದಲ್ಲೇ ನಮ್ಮ ಆರೋಗ್ಯ ಕೇಂದ್ರ. ಅಲ್ಲಿನ ಆರೋಗ್ಯ ಅಧಿಕಾರಿ ರಜನೀಶ್ ಸಾರ್ ಅಲ್ಲೇ ವಾಸ. ನಾನು ಕೂಗಿದ್ದಕ್ಕೆ ಸಕ್ಕರೆ ನೋಡುವ ಮಿಷನ್ ಹಿಡಿದುಕೊಂಡೇ ಓಡಿ ಬಂದರು. ಬೆರಳು ಚುಚ್ಚಿ ನೋಡಿದರೆ ನಲವತ್ತಾರು. ಎಪ್ಪತ್ತರ ಕೆಳಗೆ ಇಳಿಯಲೇಬಾರದು ಅಂತ ನಮಗೆ ಟ್ರೈನಿಂಗಿನಲ್ಲಿ ಹೇಳಿದ್ದರು.

"ಸಕ್ಕರೆ ತನ್ನಿ, ಬೇಗ!" ಅಂದರು.

"ಸಕ್ರೆ ಕಾಯ್ಲೆಯವಳಿಗೆ ಸಕ್ರೆನಾ? ಸಾಯಿಸ್ತೀರಾ ಏನ್ ಸಾ?" ಅಂತ ಸಾಲಿನಲ್ಲಿದ್ದ ಮಲ್ಲಿಗಮ್ಮಜ್ಜಿ ಅಡ್ಡ ಬಂದರು.

"ಅಜ್ಜಿ, ಇವರಿಗೆ ಈಗ ರಕ್ತದಲ್ಲಿ ಸಕ್ಕರೆ ಜಾಸ್ತಿಯಾಗಿಲ್ಲ. ಬತ್ತಿಹೋಗಿದೆ. ಈಗ ಕೊಡದೇ ಇದ್ರೇ ಸಾಯೋದು" ಅಂದರು ಸಾರ್.

ಟೀ ಅಂಗಡಿಯಿಂದ ಸಕ್ಕರೆ ತಂದು, ಅರ್ಧ ಲೋಟ ನೀರಿಗೆ ಮೂರು ಚಮಚ ಕದಡಿ ಕುಡಿಸಿದೆವು. ಪುಣ್ಯಕ್ಕೆ ಅವರಿಗೆ ನುಂಗುವಷ್ಟು ಎಚ್ಚರವಿತ್ತು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ನೂರಾ ಎಂಟಕ್ಕೆ ಫೋನ್ ಮಾಡಬೇಕು. ಇದನ್ನು ನೆನಪಿಟ್ಟುಕೊಳ್ಳಿ. ಕಾಲು ಗಂಟೆ ಕಳೆಯಿತು. ಬೀರಮ್ಮತ್ತೆ ಕಣ್ಣು ಪಿಳಿಪಿಳಿ ಬಿಟ್ಟು, "ಏನ್ರೇ, ಯಾಕಿಂಗೆ ಸುತ್ಕೊಂಡಿದ್ದೀರಾ? ಯಾರು ಸತ್ತೋದ್ರು?" ಅಂದರು.

ನನಗೆ ನಗುವೂ ಬಂತು, ಅಳುವೂ ಬಂತು.

ಸಾರ್ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಮಾನಸಾ, ಮನೆಯಲ್ಲಿ ಒಬ್ಬರೇ ಇರೋವಾಗ ಹೀಗಾಗಿದ್ರೆ ಗಂಡ ಬರೋ ಹೊತ್ತಿಗೆ ಜೀವ ಇರ್ತಿರಲಿಲ್ಲ. ಇದು ಮತ್ತೆ ಆಗಬಾರದು. ಯಾಕಾಯ್ತು ಅಂತ ಹುಡುಕಲೇಬೇಕು."

ಮಾರನೆಯ ಬೆಳಗ್ಗೆ ಎಂಟಕ್ಕೆ ನಾವಿಬ್ಬರೂ ಅವರ ಮನೆಗೆ ಹೋದೆವು. ರಂಗಣ್ಣ ಮಾವ ಮಂಡಿಗೆ ಹೋಗಿರಲಿಲ್ಲ. ಜಗಲಿಯ ಮೇಲೆ ಮುಖ ದಪ್ಪ ಮಾಡಿಕೊಂಡು ಕೂತಿದ್ದ. ಹೆಂಡತಿ ಕುಡಿಯುತ್ತಾಳೆ ಅನ್ನುವ ಮಾತು ಅವನ ಕಿವಿಗೂ ಬಿದ್ದಿತ್ತು. ಅದನ್ನು ಅವನು ನಂಬಿರಲಿಲ್ಲ, ಆದರೆ ಊರು ಆಡಿತಲ್ಲ ಅಂತ ಕುದಿಯುತ್ತಿದ್ದ.

"ಬಾರವ್ವ, ಬಾ. ನಿಮ್ಮ ಮಾತ್ರೆ ಎಲ್ಲಾ ತಿಪ್ಪೆಗೆ ಎಸ್ದಿದ್ದೀನಿ" ಅಂದ.

"ಯಾಕ್ ಮಾವ?"

"ಯಾಕಾ? ಆ ಮಾತ್ರೆ ನುಂಗಾಕೆ ಮುಂಚೆ ಇವ್ಳು ಗುಂಡುಕಲ್ಲಂಗಿದ್ಲು. ಓದ್ ತಿಂಗ್ಳು ಪಟ್ಣದ ಡಾಕ್ಟ್ರಮ್ಮ, ಬೆಳಗಿನ ಸಕ್ರೆ ಇಳೀತಿಲ್ಲ ಅಂತ ಮಾತ್ರೆ ಜೋರು ಮಾಡುದ್ರು. ಅವತ್ತಿಂದ ಸಂಜೆಯಾದ್ರೆ ಕೈ ನಡುಗ್ತದೆ, ತಲೆ ತಿರುಗ್ತದೆ, ಬಾಯಿಗೆ ಬಂದಂಗೆ ಮಾತಾಡ್ತಾಳೆ. ಮಾತ್ರೆನೇ ಇಸ ಕಣವ್ವ!"

ರಜನೀಶ್ ಸಾರ್ ಸಿಟ್ಟಾಗಲಿಲ್ಲ. ಜಗಲಿಯ ತುದಿಯಲ್ಲಿ ಕೂತರು. "ರಂಗಣ್ಣಾ, ಮಾತ್ರೆ ನೀವಾಗೇ ನಿಲ್ಲಿಸಿದ್ರೆ ಕಣ್ಣು, ಕಿಡ್ನಿ ಎಲ್ಲಾ ಹೋಗ್ತವೆ. ನಿಮ್ಮ ಸಿಟ್ಟು ಆಮೇಲೆ ಕೇಳ್ತೀನಿ. ಮೊದಲು ಬೀರಮ್ಮನವರ ಹತ್ರ ಒಂದು ಮಾತು ಕೇಳ್ಬೇಕು" ಅಂದು, ಒಳಗಿನಿಂದ ಬಂದ ಬೀರಮ್ಮತ್ತೆಯ ಕಡೆ ತಿರುಗಿದರು. "ಅಮ್ಮ, ಸಂಜೆ ಮಾತ್ರೆ ಎಷ್ಟು ಗಂಟೆಗೆ ತಗೋತೀರಿ?"

"ಚಕ್ರಕ್ಕ ಕೂಗ್ತಾರಲ್ಲ ಸಾ, ಐದೂವರೆಗೆ. ಒಂದಿನಾನೂ ತಪ್ಸಿಲ್ಲ."

"ಊಟ?"

"ಇವ್ರು ಬಂದ್ಮೇಲೆ. ಹತ್ತೂವರೆ ಆಯ್ತದೆ."

"ನಡುವೆ ಏನೂ ತಿನ್ನಲ್ವಾ?"

"ಎಲೆ ಅಡ್ಕೆ ಆಕ್ಕೋತೀನಿ ಸಾ."

ನಾನು ಹಣೆ ಚಚ್ಚಿಕೊಂಡೆ. ಐದೂವರೆಯ ಮಾತ್ರೆ, ಹತ್ತೂವರೆಯ ಊಟ. ನಡುವೆ ಐದು ಗಂಟೆ ಖಾಲಿ ಹೊಟ್ಟೆ! ಮೂರು ವರ್ಷದಿಂದ ವಾರಕ್ಕೊಮ್ಮೆ ಈ ಮನೆಗೆ ಬಂದಿದ್ದೇನೆ. "ಮಾತ್ರೆ ತಗೊಂಡ್ರಾ ಅತ್ತೆ?" ಅಂತ ಕೇಳಿದ್ದೇನೆ, ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದೇನೆ. "ಊಟ ಎಷ್ಟು ಹೊತ್ತಿಗೆ ಮಾಡ್ತೀರಿ?" ಅಂತ ಒಂದೇ ಒಂದು ಸಲ ಕೇಳಿರಲಿಲ್ಲ. ನನ್ನ ತಪ್ಪು ಅಂದೆನಲ್ಲ, ಅದು ಇದೇ.

ಗೋಡೆ ಆಚೆಯಿಂದ ಚಕ್ರೇಶ್ವರಿ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಓಡಿ ಬಂದರು. ಮುಖ ಬಿಳಿಚಿಕೊಂಡಿತ್ತು.

"ನಾನೇ ಅಲ್ವಾ ಸಾರ್ ಇವಳಿಗೆ ದಿನಾ ಕೂಗಿ ಕೂಗಿ ಮಾತ್ರೆ ನುಂಗಿಸ್ತಿದ್ದದ್ದು? ನಾನು ನುಂಗಿ ಕಾಲು ಗಂಟೆಗೆ ಊಟಕ್ಕೆ ಕೂರ್ತೀನಿ. ನಮ್ಮಲ್ಲಿ ರಾತ್ರಿ ಊಟ ಅಂದ್ರೆ ಅದೇ. ಇವಳು ಊಟ ಮಾಡ್ಲಿಲ್ಲ ಅನ್ನೋದು ನನಗೆ ಹೊಳೀಲೇ ಇಲ್ಲ. ಬೀರಮ್ಮಾ, ನಾನೇ ನಿನ್ನ ಸಾವಿನ ದವಡೆಗೆ ನೂಕಿಬಿಡ್ತಿದ್ದೆನಲ್ಲೇ!"

ಅವರು ಬಿಕ್ಕಿ ಬಿಕ್ಕಿ ಅತ್ತರು. ಬೀರಮ್ಮತ್ತೆ ಅವರ ಬೆನ್ನು ಸವರುತ್ತ, "ಸುಮ್ಕಿರಕ್ಕ, ನೀನು ಒಳ್ಳೇದಕ್ಕಲ್ವಾ ಕೂಗಿದ್ದು? ಕೂಗೋರು ಒಬ್ಬರಿದ್ದಾರಲ್ಲ ಅಂತ ನಂಗೆಷ್ಟು ಧೈರ್ಯವಿತ್ತು" ಅಂದರು. ಸಾವಿನಿಂದ ಪಾರಾದವರೇ ಅಳುವವರನ್ನು ಸಮಾಧಾನ ಮಾಡುವುದು ನೋಡಿ!

ರಜನೀಶ್ ಸಾರ್ ಬಿಡಿಸಿ ಹೇಳಿದರು. ಈ ಮಾತ್ರೆಯ ಕೆಲಸ ರಕ್ತದ ಸಕ್ಕರೆ ಇಳಿಸುವುದು. ಹೊಟ್ಟೆಗೆ ಊಟ ಬಿದ್ದಿದ್ದರೆ ಊಟದಿಂದ ಬಂದ ಸಕ್ಕರೆಯನ್ನು ಇಳಿಸುತ್ತದೆ. ಊಟವೇ ಇಲ್ಲದಿದ್ದರೆ ಇರುವಷ್ಟನ್ನೂ ಇಳಿಸಿ ಮನುಷ್ಯನನ್ನು ಕೆಡವುತ್ತದೆ. ಅದು ಸಂಜೆಯ ಕಥೆ. ಹತ್ತೂವರೆಗೆ ಹಸಿದ ಹೊಟ್ಟೆಗೆ ಎರಡು ಮುದ್ದೆ, ಮೇಲೊಂದಿಷ್ಟು ಅನ್ನ ಉಂಡು, ಕೈ ತೊಳೆದ ಕೂಡಲೇ ಮಲಗಿದರೆ ಬೆಳಗಿನ ಸಕ್ಕರೆ ಇನ್ನೂರು ದಾಟುತ್ತದೆ. ಅದನ್ನು ನೋಡಿ ಡಾಕ್ಟರಮ್ಮ ಮಾತ್ರೆ ಜೋರು ಮಾಡಿದರು. ಊಟದ ಹೊತ್ತು ಅವರಿಗೆ ಯಾರೂ ಹೇಳಿರಲಿಲ್ಲ. ಮಾತ್ರೆ ಜೋರಾದಷ್ಟೂ ಸಂಜೆ ಬೀಳುವುದು ಜೋರಾಯಿತು.

ರಂಗಣ್ಣ ಮಾವನಿಗೆ ಇದು ಅರ್ಧ ಮಾತ್ರ ಒಪ್ಪಿಗೆಯಾಯಿತು.

"ಸರಿ ಸಾ, ಮಾತ್ರೆನೂ ಹತ್ತೂವರೆಗೇ ನುಂಗ್ಲಿ. ಊಟದ ಒತ್ತು ಯಾಕೆ ಬದಲಾಯ್ಸಬೇಕು? ಯಾವಾಗ ಉಂಡ್ರೇನು, ಓಗೋದು ಒಟ್ಟೆಗೇ ತಾನೆ? ಒಟ್ಟೆಗೇನು ಗಡಿಯಾರ ಕಟ್ಟವ್ರಾ?"

"ಕಟ್ಟಿದ್ದಾರೆ ರಂಗಣ್ಣ" ಅಂದರು ಸಾರ್. "ಮೈಯೊಳಗೆ ಗಡಿಯಾರ ಇದೆ. ಬೆಳಕು ನೋಡಿ, ಊಟದ ಹೊತ್ತು ನೋಡಿ ಅದು ನಡೆಯುತ್ತೆ. ಹಗಲು ಹೊಟ್ಟೆ ಚುರುಕು, ಊಟದ ಸಕ್ಕರೇನ ಬೇಗ ಖರ್ಚು ಮಾಡುತ್ತೆ. ಕತ್ತಲಾಗಿ ಹೊತ್ತು ಕಳೆದಷ್ಟೂ ಮೈ ಮಲಗೋಕೆ ತಯಾರಾಗುತ್ತೆ. ಆಗ ಅದೇ ಮುದ್ದೆ ಉಂಡ್ರೂ ಸಕ್ಕರೆ ಹೆಚ್ಚು ಏರುತ್ತೆ, ಇಳಿಯೋಕೂ ನಿಧಾನ."

"ಎಲ್ಲಾ ಪುಸ್ತಕದ ಮಾತು ಬುಡಿ ಸಾ."

"ಪುಸ್ತಕ ಬಿಡಿ. ನಮ್ಮೂರು ಅರಕಲಗೂಡು ಕಡೆ. ಹೊಗೆಸೊಪ್ಪು ಬೇಯಿಸೋ ಕಾಲ ಬಂದ್ರೆ ನಮ್ಮಪ್ಪ ಸೊಪ್ಪು ಒಣಗಿಸೋ ಬ್ಯಾರನ್ ಮನೆ ಬಿಟ್ಟು ಕದಲ್ತಿರಲಿಲ್ಲ. ಗಂಟೆಗೊಂದು ಸಲ ಒಲೆಯ ಶಾಖ ನೋಡೋರು, ಸೊಪ್ಪು ಕೆಡಬಾರದಲ್ಲ. ಊಟ ಮಾತ್ರ ಒಂದಿನ ನಡುರಾತ್ರಿ, ಒಂದಿನ ಬೆಳಗಿನ ಜಾವ. ಸೊಪ್ಪು ಚೆನ್ನಾಗಿ ಬಂತು, ಅಪ್ಪನಿಗೆ ಎದೆ ಉರಿ ಅಂಟ್ಕೊಂಡ್ತು."

ರಂಗಣ್ಣ ಮಾವ ಎದೆ ನೀವಿಕೊಂಡ. ಅವನಿಗೂ ವರ್ಷಗಟ್ಟಲೆಯಿಂದ ಎದೆ ಉರಿ, ಹುಳಿ ತೇಗು. ಬೆಳಗೆದ್ದರೆ ಸೋಡಾ ಕುಡಿಯುತ್ತಾನೆ. ಆದರೂ ಸೋಲೊಪ್ಪಲಿಲ್ಲ. "ಅದ್ಯಾಕೋ ನಂಗೆ ನಂಬ್ಕೆ ಬರಾಕಿಲ್ಲ" ಅಂದ.

ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಹಸು ಅಂಬಾ ಅಂತ ಕೂಗಿಕೊಂಡಿತು. ಮಾವ ತಟ್ಟನೆ ಎದ್ದ. "ತಡಿಯವ್ವ, ಹಿಂಡಿ ಇಕ್ಕಿ ಬತ್ತೀನಿ. ಒತ್ತು ಮೀರ್ತು."

ನನ್ನ ಬಾಯಿ ಸುಮ್ಮನಿರುವಂಥದ್ದೇ?

"ಕೂತ್ಕೋ ಮಾವ. ಹಸಕ್ಕೇನು ಅವಸರ? ಮಧ್ಯಾಹ್ನ ಇಕ್ಕಿದ್ರಾಯ್ತು."

"ಏ, ಎಲ್ಲಾದ್ರೂ ಉಂಟೆ? ಒತ್ತಿಗೆ ಸರಿಯಾಗಿ ಇಕ್ಕದಿದ್ರೆ ಹಾಲು ಇಳಿಸಾಕಿಲ್ಲ."

"ಕರೆಯೋದನ್ನ ರಾತ್ರಿ ಹತ್ತೂವರೆಗೆ ಇಟ್ಕೋ."

"ಕೆಚ್ಚಲು ಬಾವು ಬಂದು ಸಾಯ್ತದೆ ಅಷ್ಟೇಯ! ನಿಂಗೇನ್ ತಲೆಗಿಲೆ ಕೆಟ್ಟದಾ?"

"ಅಲ್ಲ ಮಾವ, ಹಸದ ಕತ್ತಿಗೆ ಯಾರು ಗಡಿಯಾರ ಕಟ್ಟವ್ರೆ? ಹಸದ ಹೊಟ್ಟೆಗೆ ಹೊತ್ತು ಐತೆ. ಅತ್ತೆ ಹೊಟ್ಟೆಗೆ ಇಲ್ವಾ?"

ರಂಗಣ್ಣ ಮಾವ ಕೊಟ್ಟಿಗೆಯ ಕಡೆ ನೋಡಿದ. ಹೆಂಡತಿಯನ್ನು ನೋಡಿದ. ಚಕ್ರೇಶ್ವರಿ ಅಕ್ಕ ಕಣ್ಣೀರಿನ ನಡುವೆಯೇ ಕಿಸಕ್ಕೆಂದು ನಕ್ಕರು. ಮಾವ ಕೊಟ್ಟಿಗೆಗೆ ಹೋದ. ಹಿಂಡಿ ಇಟ್ಟು ವಾಪಸ್ ಬರುವಾಗ ತಿಪ್ಪೆಯಿಂದ ಮಾತ್ರೆಯ ಹಾಳೆಗಳನ್ನು ಹೆಕ್ಕಿ ತಂದಿದ್ದ. ಆ ಮಾತ್ರೆ ಬೇಡ, ಹೊಸದು ಕೊಡುತ್ತೇನೆ ಅಂದರು ಸಾರ್.

ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್ ಹೋಯಿತು. ಅವರು ಎಲ್ಲ ಕೇಳಿ ಮಾತ್ರೆಯ ಜೋರು ಇಳಿಸಿದರು. ರಾತ್ರಿ ಊಟ ದಿನಾ ಏಳು ಗಂಟೆಗೆ, ತಟ್ಟೆ ಮುಂದೆ ಬಂದ ಮೇಲೆಯೇ ಮಾತ್ರೆ ಅಂದರು. ಊಟ ಇಲ್ಲದಿದ್ದರೆ ಆ ಹೊತ್ತಿನ ಮಾತ್ರೆಯೂ ಇಲ್ಲ, ಕೂಡಲೇ ತಮಗೆ ತಿಳಿಸಬೇಕು ಅಂದರು. ಬೀರಮ್ಮತ್ತೆ ಎಲ್ಲದಕ್ಕೂ "ಊಂ ಸಾ, ಊಂ ಸಾ" ಅಂದರು. ಗೆದ್ದೆವು ಅಂದುಕೊಂಡು ನಾನು ಮನೆಗೆ ಬಂದೆ.

ಗೆದ್ದಿರಲಿಲ್ಲ.

ವಾರ ಕಳೆದು ಭಾನುವಾರ ಹೋದೆವು. ಸಂಜೆಯ ನಡುಕ ನಿಂತಿತ್ತು. ಆದರೆ ಬೆಳಗಿನ ಸಕ್ಕರೆ ಇನ್ನೂರ ನಲವತ್ತು. ನಾನು ಬೀರಮ್ಮತ್ತೆಯ ಮುಖ ನೋಡಿದೆ. ಅವರು ಗೋಡೆ ನೋಡಿದರು.

"ಅತ್ತೆ, ನಿಜ ಹೇಳಿ. ಏಳು ಗಂಟೆಗೆ ಉಂಡ್ರಾ?"

"ಊಂ."

"ನನ್ನ ಮೇಲೆ ಆಣೆ?"

ಅಲ್ಲಿಗೆ ಕಟ್ಟೆ ಒಡೆಯಿತು. "ಇಲ್ಲ ಕಣವ್ವ. ಮಾತ್ರೆನೂ ಊಟನೂ ಹತ್ತೂವರೆಗೇ ಮಾಡ್ದೆ. ನೀವು ಹೇಳಿದ್ದಕ್ಕೆ ಏಳಕ್ಕೆ ತಟ್ಟೆ ಇಟ್ಕೊಂಡು ಕೂತ್ಕೋತೀನಿ. ಮುದ್ದೆ ಮುರೀತೀನಿ. ಗಂಟ್ಲಲ್ಲಿ ಇಳಿಯಾಕಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಅದೇನು ಗಂಟಲು ಅತ್ತೆ? ಸಾಯೋವರೆಗೂ ಪತಿವ್ರತೆ ಆಟ ಆಡ್ತೀರಾ?" ಅಂದುಬಿಟ್ಟೆ.

ಬೀರಮ್ಮತ್ತೆಗೆ ಬೇಸರವಾಗಲಿಲ್ಲ. ಮೆತ್ತಗೆ ಹೇಳಿದರು.

"ನಾನು ಮದ್ವೆಯಾಗಿ ಬಂದ ವರ್ಸ ಕಣವ್ವ. ಒಂದಿನ ಮನೆಗೆ ನೆಂಟ್ರು ಬಂದಿದ್ರು. ಎಲ್ರೂ ಉಂಡ್ವಿ, ನಾನೂ ಉಂಡೆ. ಇವ್ರು ತಡವಾಗಿ ಬಂದ್ರು. ಪಾತ್ರೆ ನೋಡುದ್ರೆ ಒಂದು ತುತ್ತೂ ಉಳ್ದಿಲ್ಲ. ನಾನು ಎದರ್ಕೊಂಡು ನಿಂತಿದ್ರೆ, 'ನಂಗೆ ಅಸಿವೇ ಇಲ್ಲ ಕಣಮ್ಮಿ' ಅಂತ ಒಂದು ಚೊಂಬು ನೀರು ಕುಡ್ದು ಮನಿಕ್ಕೊಂಡ್ರು. ಪಕ್ಕದಲ್ಲಿ ಮಲಗಿದ್ದವಳಿಗೆ ಅವ್ರ ಒಟ್ಟೆ ಗುರುಗುಡೋದು ಬೆಳಗಾನ ಕೇಳುಸ್ತು. ಒಂದು ಮಾತು ಬೈಲಿಲ್ಲ ಕಣವ್ವ. ಬೈದಿದ್ರೆ ಮರ್ತುಬುಡ್ತಿದ್ದೆ. ಅವತ್ತಿಂದ ಅವ್ರನ್ನ ಬುಟ್ಟು ಉಣ್ಣಾಕೆ ನನ್ನ ಕೈಲಿ ಆಗಾಕಿಲ್ಲ."

ರಂಗಣ್ಣ ಮಾವ ಬಾಗಿಲಲ್ಲೇ ನಿಂತಿದ್ದ. ಅವನಿಗೂ ಇದು ಹೊಸ ಸುದ್ದಿ. "ಅದಿನ್ನೂ ನೆಪ್ಪೈತಾ ನಿಂಗೆ?" ಅಂದ.

ಆಮೇಲೆ ನಮ್ಮ ಕಡೆ ತಿರುಗಿ ತನ್ನ ಗುಟ್ಟನ್ನೂ ಬಿಟ್ಟ. "ಮಂಡೀಲಿ ಸಾವ್ಕಾರ್ರು ದಿನಾ ಸಂಜೆ ಎಲ್ರಿಗೂ ತಿಂಡಿ ಕೊಡುಸ್ತಾರೆ ಸಾ. ನಾನು ಮುಟ್ಟಾಕಿಲ್ಲ. ಇವ್ಳು ಕಾಯ್ತಾ ಕೂತಿರ್ತಾಳಲ್ಲ, ನಾನೊಬ್ನೇ ಎಂಗ್ ತಿನ್ನದು?"

ಕೇಳಿದಿರಾ? ಅವನು ಅಲ್ಲಿ ಅವಳಿಗಾಗಿ ಉಪವಾಸ, ಅವಳು ಇಲ್ಲಿ ಅವನಿಗಾಗಿ ಉಪವಾಸ. ಪ್ರೀತಿಗೆ ಏನೂ ಕಡಿಮೆಯಿಲ್ಲ. ಆ ಪ್ರೀತಿಯೇ ಒಬ್ಬಳ ಜೀವ ತೆಗೆಯುವುದಕ್ಕೆ ಬಂದಿತ್ತು. ಇದಕ್ಕೆ ರಜನೀಶ್ ಸಾರ್ ಹತ್ತಿರವೂ ಮಾತ್ರೆ ಇರಲಿಲ್ಲ, ನನ್ನ ಹತ್ತಿರ ಬೈಗುಳವೂ ಉಳಿದಿರಲಿಲ್ಲ. ನಾವು ಎದ್ದು ಬಂದೆವು.

ಮರುದಿನ ಬೆಳಗ್ಗೆ ಮಾವ ಶಾಂತಿಕುಮಾರಣ್ಣನ ಅಂಗಡಿಯಲ್ಲಿ ಮೂರು ಡಬ್ಬಿಯ ಒಂದು ಸ್ಟೀಲ್ ಕ್ಯಾರಿಯರ್ ಕೊಂಡನಂತೆ. "ಈ ವಯಸ್ಸಲ್ಲಿ ಯಾವ ಸ್ಕೂಲಿಗೆ ರಂಗಣ್ಣ?" ಅಂತ ಅಲ್ಲಿದ್ದವರು ರೇಗಿಸಿದರಂತೆ. ನನಗೆ ಇದು ಗೊತ್ತಿರಲಿಲ್ಲ. ಅಂದು ಸಂಜೆ ಏಳಕ್ಕೆ ಐದು ನಿಮಿಷವಿದ್ದಾಗ, ಅತ್ತೆಗೆ ನಾನೇ ಕೂತು ತಿನ್ನಿಸಿಯೇ ಬರುತ್ತೇನೆ ಅಂತ ಸೆರಗು ಬಿಗಿದು ಹೋದೆ.

ಬೀರಮ್ಮತ್ತೆ ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದರು. ಮುಂದೆ ತಟ್ಟೆ, ಮುದ್ದೆ, ಹುರುಳಿಕಾಳಿನ ಸಾರು, ಸೌತೆಕಾಯಿ ಹೋಳು. ತಟ್ಟೆಯ ಪಕ್ಕ ನೀರಿನ ಲೋಟಕ್ಕೆ ಒರಗಿಸಿಟ್ಟ ಮೊಬೈಲು. ನನ್ನನ್ನು ನೋಡಿ ಬಾಯಿ ಮೇಲೆ ಬೆರಳಿಟ್ಟರು. ಮೊಬೈಲಿನ ಒಳಗಿಂದ ಲಾರಿಯ ಸದ್ದು, ಕಾಯಿ ಉರುಳುವ ಸದ್ದು, ಅದರ ನಡುವೆ ರಂಗಣ್ಣ ಮಾವನ ಗಂಟಲು:

"ಕೂತ್ಯಾ?"

"ಕೂತೆ ಕಣಿ."

"ಮಾತ್ರೆ?"

"ತಟ್ಟೆ ಮುಂದೈತೆ. ಈಗ ನುಂಗ್ದೆ ನೋಡಿ. ನೀವು ಎಲ್ಲಿ ಕೂತಿದ್ದೀರಿ?"

"ಕಾಯಿ ರಾಶಿ ಪಕ್ಕ, ಚೀಲ ಆಸ್ಕೊಂಡು. ಬೆಳಗ್ಗೆ ಕಟ್ಟಿಕೊಟ್ಟ ಮುದ್ದೆ ಸ್ವಲ್ಪ ಗಟ್ಟಿಯಾಗೈತೆ, ಸಾರು ಬೊಂಬಾಟಾಗೈತೆ. ಊಂ, ಮುರಿ."

"ನೀವು ಮೊದ್ಲು."

"ಏ, ಇಬ್ರೂ ಒಟ್ಗೇ ಕಣಮ್ಮಿ. ಒಂದು, ಎರಡು..."

ಬೀರಮ್ಮತ್ತೆ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟುಕೊಂಡರು. ನುಂಗಿದರು. ಇಳಿಯಿತು! ನಾನು ಬಾಗಿಲ ಹಿಂದೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಇವತ್ತಿಗೆ ನಾಲ್ಕು ತಿಂಗಳಾಯಿತು. ದಿನಾ ಏಳು ಗಂಟೆಗೆ ಫೋನ್ ಬರುತ್ತದೆ. ಮಂಡಿಯಲ್ಲಿ ಮೊದಮೊದಲು ನಕ್ಕವರಲ್ಲಿ ಮೂವರು ಈಗ ಕ್ಯಾರಿಯರ್ ತರುತ್ತಾರಂತೆ. ಚಕ್ರೇಶ್ವರಿ ಅಕ್ಕ ಕೂಗುವುದನ್ನು ಬಿಟ್ಟಿಲ್ಲ, ಹೊತ್ತು ಮಾತ್ರ ಬದಲಾಯಿಸಿದ್ದಾರೆ. ಏಳಕ್ಕೆ, "ಬೀರಮ್ಮಾ, ತಟ್ಟೆ ಹಾಕ್ಕೊಂಡ್ಯಾ?" ಅನ್ನುತ್ತಾರೆ. ರಾತ್ರಿ ಮಾವ ಮನೆಗೆ ಬಂದಾಗ ಇಬ್ಬರೂ ಜಗಲಿಯಲ್ಲಿ ಕೂತು ಸ್ವಲ್ಪ ಹೊತ್ತು ಮಾತಾಡಿ ಮಲಗುತ್ತಾರೆ. ಮೊದಲು ಹಸಿವಿನಲ್ಲಿ ಗಬಗಬ ಉಂಡು ಬಿದ್ದುಕೊಳ್ಳುತ್ತಿದ್ದರು, ಮಾತಿಗೆ ಹೊತ್ತೇ ಇರಲಿಲ್ಲ. ಮಾವನ ಸೋಡಾ ನಿಂತಿದೆ. ಸಕ್ಕರೆ ಕಾಯಿಲೆ ಓಡಿಹೋಗಿಲ್ಲ, ಅದು ಓಡಿಹೋಗುವ ಕಾಯಿಲೆಯಲ್ಲ. ಮಾತ್ರೆಯೂ ಇದೆ, ಬೆಳಗಿನ ನಡಿಗೆಯೂ ಇದೆ. ಆದರೆ ಬೆಳಗಿನ ಸಕ್ಕರೆ ನೂರ ಮೂವತ್ತರ ಆಸುಪಾಸಿಗೆ ಬಂದಿದೆ. ಸಂಜೆ ಒಂದು ದಿನವೂ ಬಿದ್ದಿಲ್ಲ. ನಲ್ಲಿ ಹತ್ತಿರದ ಗುಸುಗುಸು ಬಾಯಿಗಳಿಗೆ ನಾನೇ ಖುದ್ದಾಗಿ ಹೋಗಿ ಉತ್ತರ ಕೊಟ್ಟು ಬಂದಿದ್ದೇನೆ. ಏನು ಕೊಟ್ಟೆ ಅಂತ ಇಲ್ಲಿ ಬರೆಯುವ ಹಾಗಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ ಅಂತ ಹಿರಿಯರು ಅಂದರು. ಏನು ಉಣ್ಣಬೇಕು ಅಂತ ನಮಗೆಲ್ಲ ಗೊತ್ತು, ರಾಗಿ, ಸೊಪ್ಪು, ಕಾಳು. ಯಾವಾಗ ಉಣ್ಣಬೇಕು ಅನ್ನುವುದನ್ನು ಮರೆತಿದ್ದೇವೆ. ಟೀವಿ ಮುಗಿಯಲಿ, ಕೆಲಸ ಮುಗಿಯಲಿ, ಅವರು ಬರಲಿ ಅಂತ ಹೊಟ್ಟೆಯನ್ನು ಕಾಯಿಸುತ್ತೇವೆ. ಬೇಡ. ಬೆಳಗ್ಗೆ ತಿಂಡಿ ತಪ್ಪಿಸಬೇಡಿ. ರಾತ್ರಿ ಊಟ ಏಳು, ಏಳೂವರೆಗೆ ಮುಗಿಸಿ, ಮಲಗಲು ಎರಡು ಮೂರು ಗಂಟೆ ಬಿಡಿ. ಇವತ್ತೊಂದು ಹೊತ್ತು ನಾಳೆಯೊಂದು ಹೊತ್ತು ಮಾಡಬೇಡಿ. ರಾತ್ರಿ ಪಾಳಿಯವರು ನಿಮ್ಮ ಕೆಲಸಕ್ಕೆ ಹೊಂದುವ ಹೊತ್ತನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ ಗೊತ್ತು ಮಾಡಿಕೊಳ್ಳಿ. ಸಕ್ಕರೆ ಮಾತ್ರೆ ನುಂಗುವವರು, ಪಕ್ಕದ ಮನೆಯವರ ಹೊತ್ತಿಗೆ ನುಂಗಬೇಡಿ. ನೀವು ಎಷ್ಟು ಗಂಟೆಗೆ ಉಣ್ಣುತ್ತೀರಿ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಅವರು ಕೇಳದಿದ್ದರೂ ಹೇಳಿ. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಕೈ ನಡುಗಿ ಬೆವರಿದರೆ ಮೊದಲು ಸಕ್ಕರೆ ನೀರು, ಆಮೇಲೆ ನಮಗೆ ಫೋನು.

ಕೊನೆಗೆ ಒಂದೇ ಮಾತು, ಓದುತ್ತಿರುವ ನಿಮಗೇ. ಇವತ್ತು ಸಂಜೆ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವರು ಯಾರು ಅಂತ ನೋಡಿ. ಅವ್ವನೋ, ಹೆಂಡತಿಯೋ, ಅತ್ತೆಯೋ. ಏಳು ಗಂಟೆಗೆ ಅವರ ಕೈ ಹಿಡಿದು ಕೂರಿಸಿ, ತಟ್ಟೆ ಇಟ್ಟು ನೀವೇ ಬಡಿಸಿ. "ನಂಗೇನ್ ಅವಸರ, ನೀವುಣ್ಣಿ, ನಾನು ಆಮೇಲೆ ಉಣ್ತೀನಿ" ಅನ್ನುತ್ತಾರೆ. ಆ ಮಾತೊಂದನ್ನು ಮಾತ್ರ ಕೇಳಬೇಡಿ.